ಬಿಪಿ ನೋಡಲು ಮನೆಗೆ ಬಂದವರು ಡಾಕ್ಟರಾ? ‘ಆರು ತಿಂಗಳ ಕೋರ್ಸ್’ ಫಾರ್ವರ್ಡ್‌ನ ಅಸಲಿ ಕತೆ

“ಎಚ್ಚರ! ಬರೀ ಆರು ತಿಂಗಳ ಕೋರ್ಸ್ ಮಾಡಿದವರನ್ನು ಸರ್ಕಾರ ಡಾಕ್ಟರ್ ಅಂತ ಕೂರಿಸಿದೆ. ನಮ್ಮ ಕ್ಲಿನಿಕ್‌ಗೆ ಹೋಗಬೇಡಿ. ಮನೆಗೆ ಬಂದು ಕೊಡುವ ಬಿಪಿ ಮಾತ್ರೆ ನುಂಗಬೇಡಿ. ನಿಮ್ಮವರ ಜೀವ ಉಳಿಸಲು ಶೇರ್ ಮಾಡಿ.”

ಈ ಧಾಟಿಯ ಮೆಸೇಜು ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಗ್ರೂಪು, ಎಲೆಕ್ಟ್ರಾನಿಕ್ ಸಿಟಿಯ ಪಿಜಿ ಗ್ರೂಪು, ಪೀಣ್ಯದ ಶಿಫ್ಟ್ ಗ್ರೂಪು, ಎಲ್ಲ ಕಡೆಯೂ ಒಂದಲ್ಲ ಒಂದು ರೂಪದಲ್ಲಿ ಸುತ್ತುತ್ತದೆ. ಅದರ ಕೆಳಗೇ ತದ್ವಿರುದ್ಧದ ಮಾತೂ ಬರುತ್ತದೆ: “ನರ್ಸ್ ಆದ್ರೇನು, ಡಾಕ್ಟರ್ ಆದ್ರೇನು, ಬರೆದುಕೊಡೋದು ಅದೇ ಡೋಲೋ ತಾನೆ?”

ಎರಡೂ ತಪ್ಪು. ಮೊದಲನೆಯದನ್ನು ನಂಬಿ ಬಿಪಿ ಮಾತ್ರೆ ನಿಲ್ಲಿಸಿದರೆ ಪಾರ್ಶ್ವವಾಯುವಿನ ಅಪಾಯ. ಎರಡನೆಯದನ್ನು ನಂಬಿದರೆ ಎದೆನೋವನ್ನು ಗ್ಯಾಸ್ ಎಂದುಕೊಂಡು ಮನೆಗೆ ಹೋಗುವ ಅಪಾಯ. ಹಾಗಾಗಿ ಯಾರು ಏನು ಓದಿದ್ದಾರೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಬೋರ್ಡ್ ಒಂದೇ, ಒಳಗೆ ಕೂತವರು ಬೇರೆ

ಮೊದಲು ‘ನಮ್ಮ ಕ್ಲಿನಿಕ್’. ರಾಜ್ಯದಲ್ಲಿ ಇವು 2022ರ ಡಿಸೆಂಬರ್‌ನಲ್ಲಿ ಶುರುವಾದವು, ಬೆಂಗಳೂರಿನ ವಾರ್ಡ್‌ಗಳಲ್ಲಿ 2023ರ ಫೆಬ್ರುವರಿಯಲ್ಲಿ. ಇಲ್ಲಿನ ಹುದ್ದೆಗಳು ಹೀಗಿವೆ: ಒಬ್ಬ ಎಂಬಿಬಿಎಸ್ ವೈದ್ಯರು, ಒಬ್ಬ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಒಬ್ಬ ಸಹಾಯಕ ಸಿಬ್ಬಂದಿ. ಅಂದರೆ ಫಾರ್ವರ್ಡ್‌ನ ಮೊದಲ ಸಾಲು ನಮ್ಮ ಕ್ಲಿನಿಕ್ ಮಟ್ಟಿಗೆ ಸುಳ್ಳು.

ಹಾಗಾದರೆ ಆರು ತಿಂಗಳ ಕತೆ ಎಲ್ಲಿಂದ ಬಂತು? 2018ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಅಡಿಯಲ್ಲಿ ದೇಶದಾದ್ಯಂತ ಒಂದೂವರೆ ಲಕ್ಷ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಯೋಜನೆ ಘೋಷಿಸಿತು. ಹಳ್ಳಿಯ ಉಪಕೇಂದ್ರಗಳಿಗೆ ‘ಸಮುದಾಯ ಆರೋಗ್ಯ ಅಧಿಕಾರಿ’ ಎಂಬ ಹೊಸ ಹುದ್ದೆ ಬಂತು. ಎಲ್ಲರೂ ಕರೆಯುವುದು ಸಿಎಚ್‌ಒ ಅಂತ. ಸರ್ಕಾರಿ ಕಡತದಲ್ಲಿ ಇವರು ಮಧ್ಯಮ ಹಂತದ ಆರೋಗ್ಯ ಸೇವಕರು. ನರ್ಸಿಂಗ್ ಓದಿದವರು ಮೇಲಿಂದ ಆರು ತಿಂಗಳ ಸಮುದಾಯ ಆರೋಗ್ಯದ ಸರ್ಟಿಫಿಕೇಟ್ ಕೋರ್ಸ್ ಮಾಡಿ ಸಿಎಚ್‌ಒ ಆಗುತ್ತಾರೆ. ಈಗ ಆ ಪಾಠಗಳನ್ನು ಬಿಎಸ್ಸಿ ನರ್ಸಿಂಗ್ ಪಠ್ಯದೊಳಗೇ ಸೇರಿಸಲಾಗಿದೆ. ನಿಯಮದಲ್ಲಿ ಆಯುರ್ವೇದ ಪದವೀಧರರಿಗೂ ಅವಕಾಶವಿದೆ, ಆದರೆ ನಮ್ಮ ರಾಜ್ಯದಲ್ಲಿ ಹೆಚ್ಚಿನವರು ನರ್ಸಿಂಗ್‌ನಿಂದ ಬಂದವರು.

ಫಾರ್ವರ್ಡ್ ಮಾಡಿದ ಚಾಲಾಕಿ ಇಷ್ಟೇ: ಮುಂಚಿನ ನಾಲ್ಕು ವರ್ಷ ನುಂಗಿಹಾಕಿ ಕೊನೆಯ ಆರು ತಿಂಗಳು ಮಾತ್ರ ಉಳಿಸಿಕೊಂಡಿದೆ.

ಗೊಂದಲಕ್ಕೆ ಸರ್ಕಾರವೂ ಸ್ವಲ್ಪ ಕಾರಣ ಎನ್ನಲೇಬೇಕು. 2023ರ ಕೊನೆಯಲ್ಲಿ ಈ ಕೇಂದ್ರಗಳಿಗೆಲ್ಲ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂಬ ಒಂದೇ ಹೆಸರು ಇಟ್ಟರು. ಉಪಕೇಂದ್ರಕ್ಕೂ ಅದೇ ಬೋರ್ಡ್, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅದೇ ಬೋರ್ಡ್. ಆನೇಕಲ್ ತಾಲೂಕಿನ ಹಳ್ಳಿಯ ಉಪಕೇಂದ್ರದಲ್ಲಿ ಸಿಎಚ್‌ಒ ಸಿಗುತ್ತಾರೆ, ಪ್ರಾಥಮಿಕ ಕೇಂದ್ರಕ್ಕೆ ಹೋದರೆ ಎಂಬಿಬಿಎಸ್ ವೈದ್ಯಾಧಿಕಾರಿ. ಬೋರ್ಡ್ ಓದಿದವರಿಗೆ ಇದು ತಿಳಿಯುವುದು ಹೇಗೆ?

ಇನ್ನು ‘ಮನೆಗೆ ಬಂದು ಕೊಡುವ ಮಾತ್ರೆ’. ಅದು ರಾಜ್ಯದ ‘ಗೃಹ ಆರೋಗ್ಯ’ ಯೋಜನೆ. 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾಗಿ ಮುಂದಿನ ವರ್ಷ ರಾಜ್ಯಕ್ಕೆ ವಿಸ್ತರಣೆಯಾಯಿತು. 30 ವರ್ಷ ದಾಟಿದವರ ಬಿಪಿ, ಸಕ್ಕರೆ ನೋಡುವುದು, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಲಕ್ಷಣಗಳನ್ನು ವಿಚಾರಿಸುವುದು ಇದರ ಕೆಲಸ. ಬರುವವರು ಆರೋಗ್ಯ ಸಿಬ್ಬಂದಿ. ಡಾಕ್ಟರ್ ಅಲ್ಲ ನಿಜ, ಆದರೆ ಡಾಕ್ಟರ್ ಎಂದು ಹೇಳಿಕೊಂಡು ಬರುವವರೂ ಅಲ್ಲ.

ಐದೂವರೆ ವರ್ಷ, ನಾಲ್ಕೂವರೆ ವರ್ಷ. ಅಷ್ಟೇನಾ ವ್ಯತ್ಯಾಸ?

ಎಂಬಿಬಿಎಸ್ ಅಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಒಟ್ಟು ಐದೂವರೆ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಮೇಲೆ ಆರು ತಿಂಗಳು. ಒಟ್ಟು ನಾಲ್ಕೂವರೆ. ಇದನ್ನು ನೋಡಿ ‘ಒಂದು ವರ್ಷ ತಾನೇ ಕಮ್ಮಿ’ ಎಂದು ವಾದಿಸುವವರೂ ಇದ್ದಾರೆ. ವರ್ಷ ಎಣಿಸುವುದರಿಂದ ಏನೂ ಗೊತ್ತಾಗುವುದಿಲ್ಲ. ಲಾರಿ ಡ್ರೈವರ್‌ಗೆ ಹತ್ತು ವರ್ಷದ ಅನುಭವ, ಮೆಕ್ಯಾನಿಕ್‌ಗೆ ಹತ್ತು ವರ್ಷದ ಅನುಭವ. ಇಬ್ಬರಿಗೂ ಲಾರಿ ಗೊತ್ತು, ಆದರೆ ಗೊತ್ತಿರುವುದು ಬೇರೆ ಬೇರೆ.

ನರ್ಸಿಂಗ್ ಕಲಿಸುವುದು ರೋಗಿಯನ್ನು ನೋಡಿಕೊಳ್ಳುವುದನ್ನು. ಉಸಿರು, ನಾಡಿ, ಬಿಪಿಯಲ್ಲಿ ಆಗುವ ಬದಲಾವಣೆ ಗಮನಿಸುವುದು, ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ ಕೊಡುವುದು, ಅಡ್ಡಪರಿಣಾಮ ಹಿಡಿಯುವುದು, ಗಾಯ, ಬಾಣಂತಿ, ಮಗುವಿನ ಆರೈಕೆ. ಆರು ತಿಂಗಳ ಕೋರ್ಸ್ ಅದರ ಮೇಲೆ ಉಪಕೇಂದ್ರಕ್ಕೆ ಬೇಕಾದ್ದನ್ನು ಸೇರಿಸುತ್ತದೆ: ತಪಾಸಣೆ, ಸಣ್ಣಪುಟ್ಟ ಕಾಯಿಲೆಗೆ ನಿಗದಿತ ಚಿಕಿತ್ಸೆ, ಯಾರನ್ನು ಯಾವಾಗ ಮೇಲೆ ಕಳಿಸಬೇಕು ಎಂಬ ತೀರ್ಮಾನ. ಇದೆಲ್ಲ ಪ್ರೋಟೋಕಾಲ್ ಪ್ರಕಾರ, ಅಂದರೆ ಬರೆದಿಟ್ಟ ಹಾದಿಯ ಪ್ರಕಾರ. ಬಿಪಿ 180/110 ಮುಟ್ಟಿತೇ? ಅದೇ ದಿನ ಡಾಕ್ಟರ್ ಬಳಿ ಕಳಿಸು. ಹೀಗೆ.

ಎಂಬಿಬಿಎಸ್ ಕಲಿಸುವುದು ಮುಖ್ಯವಾಗಿ ಒಂದು ಪ್ರಶ್ನೆಯನ್ನು: “ಇದು ಇನ್ನೇನಿರಬಹುದು?” ಮೊದಲ ವರ್ಷದ ಶರೀರ ರಚನೆಯಿಂದ ರೋಗಶಾಸ್ತ್ರ, ಔಷಧಶಾಸ್ತ್ರ, ವಾರ್ಡುಗಳ ತನಕ ಎಲ್ಲವೂ ಆ ಪ್ರಶ್ನೆಗೇ ತಯಾರಿ. ಬರೆದಿಟ್ಟ ಹಾದಿ ಮುಗಿದ ಜಾಗದಲ್ಲಿ ಇದು ಬೇಕಾಗುತ್ತದೆ.

‘ಗ್ಯಾಸ್ ಇರಬೇಕು’

ಪೀಣ್ಯ ಎರಡನೇ ಹಂತದ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುವ 46 ವರ್ಷದವರೊಬ್ಬರು ಎಂದುಕೊಳ್ಳಿ. ಬೆಳಗಿನ ಶಿಫ್ಟ್‌ನಲ್ಲಿ ಎದೆ ಉರಿ, ಸ್ವಲ್ಪ ಬೆವರು, ತೇಗು. ರಾತ್ರಿ ಬಿರಿಯಾನಿ ತಿಂದದ್ದೂ ಹೌದು. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಅಸಿಡಿಟಿ ಮಾತ್ರೆ ಕೊಡುತ್ತಾರೆ. ಹತ್ತರಲ್ಲಿ ಹಲವು ಬಾರಿ ಅದು ಸರಿಯೂ ಇರುತ್ತದೆ. ಅಪಾಯ ಇರುವುದೇ ಅಲ್ಲಿ.

ವೈದ್ಯರ ತಲೆಯಲ್ಲಿ ಆಗ ಓಡುವ ಪಟ್ಟಿ ಬೇರೆ: ಅಸಿಡಿಟಿ, ಹೃದಯಾಘಾತ, ಪಿತ್ತಕೋಶದ ಕಲ್ಲು, ಮೇದೋಜೀರಕದ ಉರಿಯೂತ, ಶ್ವಾಸಕೋಶಕ್ಕೆ ಹೋದ ರಕ್ತದ ಗೆಡ್ಡೆ. ಹೆಚ್ಚು ಸಾಧ್ಯತೆ ಯಾವುದಕ್ಕೆ ಎಂಬುದರ ಜೊತೆಗೇ, ಇವತ್ತು ತಪ್ಪಿಸಿಕೊಂಡರೆ ಜೀವ ಹೋಗುವುದು ಯಾವುದು ಎಂದೂ ಯೋಚಿಸಬೇಕು. ನೋವು ತೋಳಿಗೆ ಹರಿಯುತ್ತಿದೆಯಾ, ಸಕ್ಕರೆ ಕಾಯಿಲೆ ಇದೆಯಾ, ಬೀಡಿ ಸೇದುತ್ತಾರಾ, ಅಪ್ಪನಿಗೆ ಎಷ್ಟನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿತ್ತು ಎಂದು ಕೇಳಿ ಇಸಿಜಿ ತೆಗೆಸುತ್ತಾರೆ. ಮೊದಲ ಇಸಿಜಿ ನಾರ್ಮಲ್ ಬಂದರೂ ಅನುಮಾನ ಉಳಿದರೆ ಮತ್ತೆ ತೆಗೆಸುತ್ತಾರೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಂತಿಯಾಗಿ ಹೃದಯಾಘಾತ ಬರಬಹುದು ಎಂಬುದೂ ಆ ಲೆಕ್ಕದಲ್ಲಿ ಇರುತ್ತದೆ.

ಇದರರ್ಥ ಮಧ್ಯಮ ಹಂತದವರಿಗೆ ಇಲ್ಲಿ ಕೆಲಸವಿಲ್ಲ ಅಂತಲ್ಲ. ರಾಜ್ಯದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯನ್ನೇ ನೋಡಿ. ತಾಲೂಕು ಆಸ್ಪತ್ರೆಯ ಸಿಬ್ಬಂದಿ ಇಸಿಜಿ ತೆಗೆಯುತ್ತಾರೆ, ಜಯದೇವದಂಥ ಕೇಂದ್ರದ ತಜ್ಞರು ದೂರದಿಂದಲೇ ಓದುತ್ತಾರೆ, ಹೃದಯಾಘಾತ ಖಚಿತವಾದರೆ ರಕ್ತದ ಗೆಡ್ಡೆ ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಬೆಂಗಳೂರಿನ ಟ್ರಾಫಿಕ್ ದಾಟಿ ದೊಡ್ಡ ಆಸ್ಪತ್ರೆ ತಲುಪುವ ಹೊತ್ತಿಗೆ ಹೃದಯದ ಸ್ನಾಯು ಸಾಯದಿರಲಿ ಎಂಬುದು ಲೆಕ್ಕ. ಇಸಿಜಿ ಬೇಗ ತೆಗೆಯಲು ಡಾಕ್ಟರೇ ಬೇಕಿಲ್ಲ. ಅದನ್ನು ಓದಿ ನಿರ್ಧರಿಸಲು ಬೇಕು.

ಅದೇ ಬಿಪಿ ವಿಷಯದಲ್ಲಿ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ

ಕಾಯಿಲೆ ಏನೆಂದು ಗೊತ್ತಾಗಿದೆ, ಮಾತ್ರೆಯನ್ನು ವೈದ್ಯರು ಬರೆದಿದ್ದಾರೆ. ಇನ್ನು ಬೇಕಾಗಿರುವುದು ತಿಂಗಳು ತಿಂಗಳೂ ಅಳೆಯುವುದು, ಮಾತ್ರೆ ತಪ್ಪದಂತೆ ನೋಡುವುದು, ಕಾಲು ಊದಿದೆಯಾ ಎಂದು ವಿಚಾರಿಸುವುದು, ಉಪ್ಪಿನಕಾಯಿ ಕಡಿಮೆ ಮಾಡಿ ಎಂದು ಬೇಸರವಿಲ್ಲದೆ ಹತ್ತನೇ ಸಲವೂ ಹೇಳುವುದು. ಇದನ್ನು ಸಿಎಚ್‌ಒ ಅಥವಾ ನರ್ಸ್ ಚೆನ್ನಾಗಿ ಮಾಡುತ್ತಾರೆ. ಹಲವು ಬಾರಿ ಡಾಕ್ಟರ್‌ಗಿಂತ ಚೆನ್ನಾಗಿ.

ಇದು ನಮ್ಮ ಅಭಿಪ್ರಾಯ ಮಾತ್ರವಲ್ಲ. ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರ ಬದಲು ತರಬೇತಾದ ನರ್ಸ್‌ಗಳು ನೋಡಿದರೆ ಏನಾಗುತ್ತದೆ ಎಂಬ ಬಗ್ಗೆ ನಡೆದ 18 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2018ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಆ ಪ್ರಯೋಗಗಳಲ್ಲಿ ನೋಡಿದ ಕಾಯಿಲೆಗಳ ಮಟ್ಟಿಗೆ ಫಲಿತಾಂಶ ಬಹುತೇಕ ಸಮ, ಕೆಲವೆಡೆ ತುಸು ಉತ್ತಮ. ರೋಗಿಗಳ ತೃಪ್ತಿಯೂ ಹೆಚ್ಚು. ಕಾರಣ ಊಹಿಸುವುದು ಕಷ್ಟವಲ್ಲ, ನರ್ಸ್‌ಗಳು ಪ್ರತಿ ರೋಗಿಗೆ ಹೆಚ್ಚು ಹೊತ್ತು ಕೊಟ್ಟಿದ್ದರು. ಆದರೆ ಒಂದು ಮಾತು: ಒಂದನ್ನು ಬಿಟ್ಟು ಉಳಿದೆಲ್ಲ ಪ್ರಯೋಗಗಳೂ ಶ್ರೀಮಂತ ದೇಶಗಳವು. ಅಲ್ಲಿನ ನರ್ಸ್‌ಗಳ ಹಿಂದೆ ಬೇಕೆಂದಾಗ ವೈದ್ಯರು ಇದ್ದರು. ನಮ್ಮಲ್ಲಿ ಆ ಬೆನ್ನೆಲುಬು ಇ-ಸಂಜೀವಿನಿ. ಉಪಕೇಂದ್ರದಿಂದ ಸಿಎಚ್‌ಒ ವಿಡಿಯೋ ಮೂಲಕ ವೈದ್ಯರನ್ನು ಸಂಪರ್ಕಿಸುವ ಈ ವ್ಯವಸ್ಥೆ 2019ರ ನವೆಂಬರ್‌ನಿಂದ ಇದೆ. ನೆಟ್‌ವರ್ಕ್ ಇಲ್ಲದ ದಿನ ಅದೂ ಇಲ್ಲ.

ಹಾಗಾಗಿ ಫಾರ್ವರ್ಡ್ ನೋಡಿ ಅಮ್ಮನ ಬಿಪಿ ಮಾತ್ರೆ ನಿಲ್ಲಿಸುವ ಮೊದಲು ಚೀಟಿಯಲ್ಲಿ ಯಾವ ವೈದ್ಯರು ಬರೆದಿದ್ದಾರೆ ಎಂದು ನೋಡಿ. ಮಾತ್ರೆ ಬದಲಿಸುವುದು, ನಿಲ್ಲಿಸುವುದು ಅವರ ಕೆಲಸ. ಬಿಪಿಗೆ ಲಕ್ಷಣಗಳಿರುವುದಿಲ್ಲ. ‘ಆರಾಮಾಗಿದ್ದೀನಲ್ಲ’ ಎನ್ನುವ ದಿನವೂ ಅದು ಏರಿರಬಹುದು.

ಎಂಬಿಬಿಎಸ್ ಮುಗಿದರೆ ಫ್ಯಾಮಿಲಿ ಡಾಕ್ಟರಾ?

ಇಲ್ಲಿ ಡಾಕ್ಟರ್‌ಗಳ ಕಡೆಗೂ ಒಂದು ಮಾತು ಹೇಳಬೇಕು. ನಾವು ‘ಫ್ಯಾಮಿಲಿ ಡಾಕ್ಟರ್’ ಎನ್ನುವುದು ಮನೆಯವರೆಲ್ಲರನ್ನೂ ಬಲ್ಲ, ಮೂಲೆ ಕ್ಲಿನಿಕ್ಕಿನ ಎಂಬಿಬಿಎಸ್ ವೈದ್ಯರನ್ನು. ಆದರೆ ಕುಟುಂಬ ವೈದ್ಯಶಾಸ್ತ್ರ ಎಂಬುದು ಎಂಬಿಬಿಎಸ್ ನಂತರದ ಪ್ರತ್ಯೇಕ ಮೂರು ವರ್ಷದ ಓದು, ಎಂಡಿ ಅಥವಾ ಡಿಎನ್‌ಬಿ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥ ಕಡೆ ಈ ತರಬೇತಿ ಇದೆ. ಅಲ್ಲಿಗೆ ಒಟ್ಟು ಎಂಟೂವರೆ ವರ್ಷ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಇದನ್ನು ಬೆಳೆಸಬೇಕು ಎಂದಿತು. ಆದರೂ ಹೃದಯ, ಚರ್ಮ, ರೇಡಿಯಾಲಜಿಗೆ ಇರುವ ನೂಕುನುಗ್ಗಲು ಇಲ್ಲಿ ಇಲ್ಲ.

ಆ ಮೂರು ವರ್ಷದಲ್ಲಿ ಕಲಿಯುವುದೇನು? ವೈಟ್‌ಫೀಲ್ಡ್‌ನ 32 ವರ್ಷದ ಎಂಜಿನಿಯರ್ ಬಂದು “ಡಾಕ್ಟ್ರೇ, ಎರಡು ತಿಂಗಳಿಂದ ಸುಸ್ತು” ಎನ್ನುತ್ತಾಳೆ. ಥೈರಾಯ್ಡ್? ರಕ್ತಹೀನತೆ? ಬಿ12? ರಾತ್ರಿ ಅಮೆರಿಕದ ಕಾಲ್‌ಗಳಿಂದ ನಿದ್ದೆಗೆಟ್ಟದ್ದು? ಖಿನ್ನತೆ? ಗರ್ಭ? ಕ್ಷಯ? ಎಲ್ಲಕ್ಕೂ ಟೆಸ್ಟ್ ಬರೆಯುವುದು ಸುಲಭ. ಯಾವ ಎರಡು ಟೆಸ್ಟ್ ಸಾಕು, ಯಾವುದಕ್ಕೆ ಎರಡು ವಾರ ಕಾದು ನೋಡಬಹುದು, ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು ಆಕೆ ಹೇಳುವ ಮಾತೇ ನಿಜವಾದ ಕಾರಣ ಎಂದು ಗುರುತಿಸುವುದು, ಇವು ಕಷ್ಟ. ‘ಫುಲ್ ಬಾಡಿ ಚೆಕಪ್’ ಪ್ಯಾಕೇಜ್‌ಗಳು ಇದರ ಬದಲಿ ಅಲ್ಲ. ಆ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನವೇ ಬೇಕು.

ಹೊಸದಾಗಿ ಎಂಬಿಬಿಎಸ್ ಮುಗಿಸಿ ಸರ್ಕಾರಿ ಸೇವೆಗೆ ಬಂದವರಿಗೆ ಈ ಪಳಗಿಕೆ ಇನ್ನೂ ಬಂದಿರುವುದಿಲ್ಲ. ಹದಿನೈದು ವರ್ಷ ಉಪಕೇಂದ್ರ ನಡೆಸಿದ ನರ್ಸ್ ಕೆಲವು ವಿಷಯಗಳಲ್ಲಿ ಅವರಿಗೇ ಹೇಳಿಕೊಡಬಲ್ಲರು. ಒಳ್ಳೆಯ ಯುವ ವೈದ್ಯರು ಕೇಳಿ ಕಲಿಯುತ್ತಾರೆ.

ಈ ಜಗಳ ನಿಮ್ಮ ತಾತನ ಕಾಲದ್ದು

ಊರಲ್ಲಿ ಹಿರಿಯರನ್ನು ಕೇಳಿ, ‘ಎಲ್‌ಎಂಪಿ ಡಾಕ್ಟ್ರು’ ಎಂದರೆ ಗೊತ್ತಿರುತ್ತದೆ. ಎಂಬಿಬಿಎಸ್‌ಗಿಂತ ಚಿಕ್ಕ ಕೋರ್ಸ್ ಮಾಡಿ ಲೈಸೆನ್ಸ್ ಪಡೆದವರು. 1946ರ ಭೋರ್ ಸಮಿತಿಯ ವರದಿ ಪ್ರಕಾರ ದೇಶದಲ್ಲಿ ಆಗ ನೋಂದಾಯಿತರಾಗಿದ್ದ 47,524 ವೈದ್ಯರಲ್ಲಿ 29,870 ಮಂದಿ ಇಂಥ ಲೈಸೆನ್ಸ್‌ದಾರರು. ಅಂದರೆ ಬಹುಪಾಲು ಜನರಿಗೆ ಔಷಧಿ ಕೊಡುತ್ತಿದ್ದವರು ಅವರೇ. ಸಮಿತಿ ಆ ಕೋರ್ಸ್ ನಿಲ್ಲಿಸಿ ಒಂದೇ ಬಗೆಯ ಪೂರ್ಣ ವೈದ್ಯ ಸಾಕು ಎಂದಿತು. ಆರು ಸದಸ್ಯರು ಒಪ್ಪಲಿಲ್ಲ. ಹಳ್ಳಿಗೆ ಯಾರು ಹೋಗುತ್ತಾರೆ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಹಾಗೇ ಉಳಿಯಿತು. ಛತ್ತೀಸಗಢ 2001ರಲ್ಲಿ ಮೂರು ವರ್ಷದ ಕೋರ್ಸ್ ಶುರುಮಾಡಿತು, ಕೆಲವೇ ವರ್ಷಗಳಲ್ಲಿ ನಿಲ್ಲಿಸಿತು. ಅಲ್ಲಿ ಕಲಿತು ಪ್ರಾಥಮಿಕ ಕೇಂದ್ರಗಳಲ್ಲಿ ಕೆಲಸ ಮಾಡಿದವರನ್ನು 2010ರ ಅಧ್ಯಯನವೊಂದು ಪರೀಕ್ಷಿಸಿದಾಗ, ಸಾಮಾನ್ಯ ಕಾಯಿಲೆಗಳ ಮಟ್ಟಿಗೆ ಅವರ ಸಾಮರ್ಥ್ಯ ಎಂಬಿಬಿಎಸ್ ವೈದ್ಯರಿಗೆ ಸರಿಸಮ ಎಂದು ಕಂಡಿತು. ಅಸ್ಸಾಂನ ಇಂಥದ್ದೇ ಡಿಪ್ಲೊಮಾದ ಕಾಯ್ದೆ ಮಾತ್ರ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಯಿತು. ವೈದ್ಯಕೀಯ ಶಿಕ್ಷಣದ ಮಟ್ಟ ನಿಗದಿ ಸಂಸತ್ತಿನ ಅಧಿಕಾರ ಎಂಬುದು ಅದರ ಆಧಾರ, ಡಿಪ್ಲೊಮಾದವರು ದಡ್ಡರು ಎಂದಲ್ಲ.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್ ‘ಸಮುದಾಯ ಆರೋಗ್ಯ ಪೂರೈಕೆದಾರ’ರಿಗೆ ಸೀಮಿತ ಲೈಸೆನ್ಸ್ ಕೊಡಲು ಅವಕಾಶ ಮಾಡಿತು. ಅದರ ವಿರುದ್ಧ ಭಾರತೀಯ ವೈದ್ಯಕೀಯ ಸಂಘ 2019ರ ಜುಲೈ 31ರಂದು ಮುಷ್ಕರ ನಡೆಸಿತು. ಹೆಸರು ಹತ್ತಿರ ಹತ್ತಿರ ಇರುವುದರಿಂದ ಎಷ್ಟೋ ಫಾರ್ವರ್ಡ್‌ಗಳು ಇದನ್ನೂ ಸಿಎಚ್‌ಒ ಹುದ್ದೆಯನ್ನೂ ಕಲಸಿಬಿಡುತ್ತವೆ. ಎರಡೂ ಬೇರೆ. ಸಿಎಚ್‌ಒ ಹುದ್ದೆ ಈ ಕಾಯ್ದೆಗಿಂತ ಮುಂಚಿನದು.

ಅಮೆರಿಕದಲ್ಲಿರುವ ಮಗಳು ಹೇಳಿದ್ದು

“ಇಲ್ಲಿ ಡಾಕ್ಟರ್ ಸಿಗಲ್ಲ ಅಮ್ಮ, ಎನ್‌ಪಿ ನೋಡಿದ್ರು” ಎಂಬ ಮಾತು ವೈಟ್‌ಫೀಲ್ಡ್‌ನ ಹಲವು ಮನೆಗಳಲ್ಲಿ ಕೇಳಿರುತ್ತೀರಿ. ಎನ್‌ಪಿ ಅಂದರೆ ನರ್ಸ್ ಪ್ರಾಕ್ಟಿಷನರ್, ನರ್ಸಿಂಗ್‌ನಲ್ಲಿ ಸ್ನಾತಕೋತ್ತರ ಓದಿದವರು. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವೈದ್ಯರ ಮೇಲ್ವಿಚಾರಣೆ ಇಲ್ಲದೆ ಔಷಧಿ ಬರೆಯಬಲ್ಲರು. ಅವರ ಕೋರ್ಸಿಗೆ ಕನಿಷ್ಠ 500 ಗಂಟೆ ರೋಗಿಗಳ ಜೊತೆಗಿನ ತರಬೇತಿ ಎಂಬುದು ಬಹುಕಾಲದ ನಿಯಮ, 2022ರ ಮಾನದಂಡ ಅದನ್ನು 750ಕ್ಕೆ ಏರಿಸಿತು. ಅಲ್ಲಿನ ಪಿಎ, ಅಂದರೆ ಫಿಸಿಷಿಯನ್ ಅಸಿಸ್ಟೆಂಟ್, ಸುಮಾರು 2000 ಗಂಟೆ. ಅಲ್ಲಿನ ಫ್ಯಾಮಿಲಿ ಡಾಕ್ಟರ್ ಮೆಡಿಕಲ್ ಕಾಲೇಜಿನ ನಂತರ ಮೂರು ವರ್ಷ ಪೂರ್ಣಾವಧಿ ರೆಸಿಡೆನ್ಸಿ ಮಾಡಬೇಕು, ಅದು ಗಂಟೆಯಲ್ಲಿ ಇದರ ಹಲವು ಪಟ್ಟು. ನಮ್ಮ ಸಿಎಚ್‌ಒಗಿಂತ ಅಲ್ಲಿನ ಎನ್‌ಪಿಗೆ ಓದೂ ಹೆಚ್ಚು, ಅಧಿಕಾರವೂ ಹೆಚ್ಚು. ಹಾಗಾಗಿ ಅಲ್ಲಿನ ಹೊಗಳಿಕೆ, ತೆಗಳಿಕೆ ಎರಡನ್ನೂ ಇಲ್ಲಿಗೆ ನೇರವಾಗಿ ಹಚ್ಚಬಾರದು.

ಬ್ರಿಟನ್‌ನ ಪಾಠ ಮಾತ್ರ ನಮಗೂ ಸಲ್ಲುತ್ತದೆ. 2022ರಲ್ಲಿ 30 ವರ್ಷದ ಯುವತಿಯೊಬ್ಬಳು ಕಾಲುನೋವು, ಉಸಿರಾಟದ ತೊಂದರೆ ಎಂದು ಎರಡು ಬಾರಿ ಕ್ಲಿನಿಕ್ಕಿಗೆ ಹೋದಳು. ನೋಡಿದವರು ವೈದ್ಯರೇ ಎಂದುಕೊಂಡಿದ್ದಳು. ಅವರು ಫಿಸಿಷಿಯನ್ ಅಸೋಸಿಯೇಟ್. ಕಾಲಿನ ರಕ್ತದ ಗೆಡ್ಡೆ ಪತ್ತೆಯಾಗದೆ ಆಕೆ ತೀರಿಕೊಂಡಳು. 2025ರ ಜುಲೈನಲ್ಲಿ ಬಂದ ಲೆಂಗ್ ವರದಿ ಎರಡು ಮುಖ್ಯ ಶಿಫಾರಸು ಮಾಡಿತು: ಹುದ್ದೆಯ ಹೆಸರನ್ನು ‘ಅಸಿಸ್ಟೆಂಟ್’ ಎಂದು ಬದಲಿಸಿ, ಮತ್ತು ಕಾಯಿಲೆ ಏನೆಂದು ಇನ್ನೂ ಗೊತ್ತಾಗದ ರೋಗಿಗಳನ್ನು ಸ್ಪಷ್ಟ ನಿಯಮವಿಲ್ಲದೆ ಇವರು ನೋಡಬಾರದು.

ನಮ್ಮಲ್ಲೂ ಪಿಎಗಳಿದ್ದಾರೆ. 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಮೊದಲ ಕೋರ್ಸ್ ಶುರುವಾಯಿತು. ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಬಿಳಿ ಕೋಟು ಹಾಕಿ ಮೊದಲು ನಿಮ್ಮ ತೊಂದರೆ ಬರೆದುಕೊಳ್ಳುವವರು ಪಿಎ ಆಗಿರಬಹುದು. ಅವರ ಕೆಲಸ ವೈದ್ಯರ ಕೈಕೆಳಗೆ.

ಎದುರಿಗಿರುವವರು ಯಾರು?

ಕೋಟು, ಸ್ಟೆತಸ್ಕೋಪ್ ನೋಡಿ ತಿಳಿಯುವುದಿಲ್ಲ. ಕೇಳಿ. “ನೀವು ಡಾಕ್ಟರಾ, ನರ್ಸಾ, ಪಿಎನಾ?” ಎಂಬುದು ಅವಮಾನದ ಪ್ರಶ್ನೆ ಅಲ್ಲ.

ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ ನೋಂದಣಿ ಸಂಖ್ಯೆ ಬೋರ್ಡ್‌ನಲ್ಲಿ ಇರಲೇಬೇಕು. 2024ರ ಆದೇಶದಂತೆ ಅಲೋಪತಿಗೆ ತಿಳಿನೀಲಿ ಬೋರ್ಡ್, ಆಯುರ್ವೇದಕ್ಕೆ ಹಸಿರು. ವೈದ್ಯರ ನೋಂದಣಿ ಸಂಖ್ಯೆ ಚೀಟಿಯಲ್ಲಿರಬೇಕು. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಅದನ್ನು ತಾಳೆ ನೋಡಬಹುದು. ಬೋರ್ಡ್‌ನಲ್ಲಿ ‘ಆರ್‌ಎಂಪಿ’ ಎಂದಷ್ಟೇ ಇದ್ದರೆ ಹುಷಾರು. ಕಾನೂನಿನ ಭಾಷೆಯಲ್ಲಿ ಅದು ನೋಂದಾಯಿತ ವೈದ್ಯ, ಆದರೆ ಯಾವ ಓದೂ ಇಲ್ಲದವರೂ ಅದೇ ಮೂರಕ್ಷರ ಬರೆದುಕೊಳ್ಳುತ್ತಾರೆ. ಮಧ್ಯಮ ಹಂತದವರಿಗೂ ಇವರಿಗೂ ಸಂಬಂಧವಿಲ್ಲ.

ಆ್ಯಪ್‌ನಲ್ಲಿ ಮಾತಾಡಿಸಿದರೂ ಅಷ್ಟೇ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ವೈದ್ಯರ ಹೆಸರು, ಓದು, ನೋಂದಣಿ ಸಂಖ್ಯೆ ನಿಮಗೆ ತಿಳಿಸಬೇಕು. ಎಐ ತಾನೇ ಔಷಧಿ ಬರೆಯುವಂತಿಲ್ಲ.

ಪೀಣ್ಯ, ಬೊಮ್ಮಸಂದ್ರದ ಕಾರ್ಮಿಕರು ಸಂಬಳದ ಚೀಟಿ ನೋಡಿಕೊಳ್ಳಿ. ಇಎಸ್‌ಐಗೆ ನಿಮ್ಮ ಸಂಬಳದ ಶೇ 0.75 ಕಟ್ ಆಗುತ್ತಿದ್ದರೆ, ಇಎಸ್‌ಐ ಡಿಸ್ಪೆನ್ಸರಿಯ ವೈದ್ಯರನ್ನು ನೋಡುವ ಹಕ್ಕಿಗೆ ಈಗಾಗಲೇ ಹಣ ಕಟ್ಟಿದ್ದೀರಿ. ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆಯೂ ಇದೆ.

ರಾತ್ರಿ ಪಾಳಿಯವರಿಗೆ ಕೊನೆಯದೊಂದು ಕೆಲಸ. ಕಂಪನಿಯ ಹೆಲ್ತ್ ರೂಮಿನಲ್ಲಿ ರಾತ್ರಿ ಎರಡು ಗಂಟೆಗೆ ಯಾರಿರುತ್ತಾರೆ, ಅವರು ಕರೆದರೆ ಯಾವ ವೈದ್ಯರು ಫೋನ್ ಎತ್ತುತ್ತಾರೆ, ಹತ್ತಿರದಲ್ಲಿ ಇಸಿಜಿ ಎಲ್ಲಿದೆ ಎಂದು ಆರಾಮಾಗಿರುವ ದಿನವೇ ಕೇಳಿಟ್ಟುಕೊಳ್ಳಿ. ಎದೆನೋವು, ಉಸಿರುಗಟ್ಟುವುದು, ಮುಖ ಅಥವಾ ಕೈ ಒಂದು ಪಕ್ಕ ಸೋತುಹೋಗುವುದು, ಮಾತು ತೊದಲುವುದು ಕಂಡರೆ ಹೆಲ್ತ್ ರೂಮಿನವರ ಅಭಿಪ್ರಾಯಕ್ಕೆ ಕಾಯದೆ 108ಕ್ಕೆ ಕರೆ ಮಾಡಿ.